ಜಡವಸ್ತು ವಹಿಯೊಳಗಿನ ಕಂಪ್ಯೂಟರ್: ಸರ್ಕಾರಿ ಕಚೇರಿಗಳ ಯಂತ್ರ, ತಂತ್ರಾಂಶಗಳ ಲೆಕ್ಕ ಸಾರ್ವಜನಿಕವಾಗುವುದೆಂದರೆ ಏನು?

ಕೊಪ್ಪಳ ಜಿಲ್ಲೆಯ ಹೋಬಳಿ ಮಟ್ಟದ ಕಚೇರಿಯೊಂದರಲ್ಲಿ, ಮಾಹಿತಿ ಹಕ್ಕಿನಡಿ ದಾಖಲೆ ಪರಿಶೀಲನೆಗೆ ಅನುಮತಿ ಪಡೆದು, ಒಂದು ಮಧ್ಯಾಹ್ನ ದಾಸ್ತಾನು ವಹಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಸಿಬ್ಬಂದಿ ಅದನ್ನು ಡೆಡ್ ಸ್ಟಾಕ್ ರಿಜಿಸ್ಟರ್ ಎಂದು ಕರೆಯುತ್ತಾರೆ. ರಟ್ಟಿನ ಮೇಲೆ ಜಡವಸ್ತು ದಾಸ್ತಾನು ವಹಿ ಎಂದು ಬರೆದಿತ್ತು. ಉದ್ದನೆಯ ಪುಟದಲ್ಲಿ ಕ್ರಮಸಂಖ್ಯೆ, ದಿನಾಂಕ, ವಸ್ತುವಿನ ವಿವರ, ಸಂಖ್ಯೆ, ದರ, ಬಿಲ್ಲಿನ ನಂಬರು, ಷರಾ ಎಂಬ ಕಲಂಗಳು. ಒಂದು ಸಾಲಿನಲ್ಲಿ "ಉಕ್ಕಿನ ಬೀರು 1", ಅದರ ಕೆಳಗೆ "ಗಣಕಯಂತ್ರ 4, ಯುಪಿಎಸ್ 4, ಪ್ರಿಂಟರ್ 2", ಅದರ ಕೆಳಗೆ "ಪ್ಲಾಸ್ಟಿಕ್ ಕುರ್ಚಿ 12". ಗಣಕಯಂತ್ರ ಯಾವ ಕಂಪನಿಯದು, ಅದರೊಳಗೆ ಯಾವ ತಂತ್ರಾಂಶ ಹಾಕಲಾಗಿದೆ, ವಾರಂಟಿ ಎಂದಿಗೆ ಮುಗಿಯುತ್ತದೆ ಎಂಬ ಒಂದು ಅಕ್ಷರವೂ ಅಲ್ಲಿರಲಿಲ್ಲ. ಷರಾ ಕಲಂ ಖಾಲಿ ಇತ್ತು.

ಬೀರುವಿಗೂ ಕುರ್ಚಿಗೂ ಅಷ್ಟು ಬರೆದಿಟ್ಟರೆ ಸಾಕು. ಕೊಂಡ ದಿನ ಹೇಗಿತ್ತೋ ಇಪ್ಪತ್ತು ವರ್ಷದ ಮೇಲೂ ಬೀರು ಹಾಗೆಯೇ ನಿಂತಿರುತ್ತದೆ, ಬಹಳವೆಂದರೆ ಬೀಗ ಕೆಡುತ್ತದೆ. ಕಂಪ್ಯೂಟರಿನ ಬಾಳು ಬೇರೆ. ಅದರ ತಂತ್ರಾಂಶಕ್ಕೆ ತಿಂಗಳು ತಿಂಗಳು ತಿದ್ದುಪಡಿ ಬರುತ್ತದೆ, ಪರವಾನಗಿಗೆ ಅವಧಿ ಇರುತ್ತದೆ, ರಿಪೇರಿಗೆ ವರ್ಷಕ್ಕೊಮ್ಮೆ ನಿರ್ವಹಣಾ ಒಪ್ಪಂದ ನವೀಕರಿಸಬೇಕಾಗುತ್ತದೆ, ಯುಪಿಎಸ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸಾಯುತ್ತದೆ, ಕೊನೆಗೊಂದು ದಿನ ತಯಾರಿಸಿದ ಕಂಪನಿಯೇ "ಇನ್ನು ಇದಕ್ಕೆ ನಮ್ಮ ಬೆಂಬಲವಿಲ್ಲ" ಎಂದು ಘೋಷಿಸುತ್ತದೆ. ವಹಿಯ ಹೆಸರು ಜಡವಸ್ತು ಎಂದಿದ್ದರೂ ಅದರೊಳಗೆ ಸೇರಿಕೊಂಡಿರುವ ಈ ವಸ್ತು ಜಡವಲ್ಲ. ಸರ್ಕಾರಿ ಕಂಪ್ಯೂಟರ್ ಮತ್ತು ತಂತ್ರಾಂಶಗಳ ಮಾಹಿತಿಯನ್ನು ಎಲ್ಲರಿಗೂ ತೆರೆದಿಡಬೇಕು ಎಂಬ ಬೇಡಿಕೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪುಟದಿಂದ ಹೊರಡುವುದೇ ಸರಿ ಎಂದು ನನಗನಿಸುತ್ತದೆ. ಏಕೆಂದರೆ ಕೇಳುತ್ತಿರುವುದು ಯಾವುದೋ ಹೊಸ ಮಾಹಿತಿಯನ್ನಲ್ಲ, ಕಚೇರಿಯವರು ಈಗಾಗಲೇ ಅರ್ಧ ಬರೆದಿಟ್ಟಿರುವ ಲೆಕ್ಕವನ್ನು.

ಈ ಲೆಕ್ಕದಲ್ಲಿ ಮೂರು ಪದರಗಳಿವೆ. ಮೊದಲನೆಯದು ಯಂತ್ರಗಳದು: ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್, ಬೆರಳಗುರುತು ಓದುವ ಯಂತ್ರ, ಯುಪಿಎಸ್, ಜಾಲದ ಪೆಟ್ಟಿಗೆಗಳು, ಸರ್ವರುಗಳು. ಎರಡನೆಯದು ತಂತ್ರಾಂಶಗಳದು: ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆ, ಪತ್ರ ಬರೆಯುವ ತಂತ್ರಾಂಶ, ವೈರಸ್ ತಡೆ, ಜೊತೆಗೆ ಪಹಣಿಯ ಭೂಮಿ, ಗ್ರಾಮ ಪಂಚಾಯಿತಿಗಳ ಪಂಚತಂತ್ರ, ಆಸ್ತಿ ನೋಂದಣಿಯ ಕಾವೇರಿಯಂತೆ ಸರ್ಕಾರವೇ ಮಾಡಿಸಿಕೊಂಡ ತಂತ್ರಾಂಶಗಳು. ಮೂರನೆಯದು ಇವೆರಡನ್ನೂ ಹಿಡಿದಿಟ್ಟಿರುವ ಕಾಗದಪತ್ರಗಳದು: ಖರೀದಿ ಆದೇಶ, ಬೆಲೆ, ವಾರಂಟಿ, ನಿರ್ವಹಣಾ ಒಪ್ಪಂದ, ಪರವಾನಗಿಯ ಷರತ್ತು, ಕೊನೆಗೆ ವಿಲೇವಾರಿ ಆದೇಶ. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಮಾತ್ರ ಲೆಕ್ಕಕ್ಕೆ ಅರ್ಥ ಬರುತ್ತದೆ. ತೆರೆದ ಮಾಹಿತಿ ಎಂದರೆ ಯಾರು ಬೇಕಾದರೂ, ಕಾರಣ ಹೇಳದೆ, ಹಣ ಕೊಡದೆ ಪಡೆಯಬಹುದಾದದ್ದು. ಕಂಪ್ಯೂಟರ್ ತಾನೇ ಓದಿ ಕೂಡಿ ಕಳೆಯಬಲ್ಲ ರೂಪದಲ್ಲಿರುವುದು. ಮತ್ತೊಬ್ಬರು ಅದನ್ನು ಬಳಸಿ ಮತ್ತೊಂದನ್ನು ಮಾಡಲು ಅಡ್ಡಿಯಿಲ್ಲದ್ದು.

ಇದರಿಂದ ಹಳ್ಳಿಯ ರೈತನಿಗೇನು? ಕುಷ್ಟಗಿ, ಯಲಬುರ್ಗಾ ಕಡೆಯ ಯಾವ ನಾಡಕಚೇರಿಯ ಮುಂದೆ ನಿಂತರೂ ಕಿವಿಗೆ ಬೀಳುವ ಮಾತೊಂದಿದೆ: "ಸರ್ವರ್ ಇಲ್ರೀ, ನಾಳೆ ಬರ್ರಿ." ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ಕೂಲಿ ಬಿಟ್ಟು ಬಂದವರು ಈ ಮಾತು ಕೇಳಿ ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಸರ್ವರ್ ಇಲ್ಲ ಎಂಬ ಒಂದು ಮಾತಿನ ಹಿಂದೆ ಕನಿಷ್ಠ ಐದು ಬೇರೆ ಬೇರೆ ಕಾಯಿಲೆಗಳಿರಬಹುದು. ಬೆಂಗಳೂರಿನ ದತ್ತಾಂಶ ಕೇಂದ್ರದ ಸರ್ವರ್ ನಿಜವಾಗಿಯೂ ಕೆಟ್ಟಿರಬಹುದು. ಅಲ್ಲಿಂದ ಇಲ್ಲಿಯವರೆಗಿನ ಜಾಲ ಕಡಿದಿರಬಹುದು. ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಕಂಪ್ಯೂಟರ್ ಹಳೆಯದಾಗಿ ಹೊಸ ತಂತ್ರಾಂಶದ ಭಾರ ತಾಳದಿರಬಹುದು. ಬೆರಳಗುರುತು ಓದುವ ಯಂತ್ರದ ನೋಂದಣಿ ಅವಧಿ ಮುಗಿದಿರಬಹುದು. ಮೊದಲ ಎರಡಕ್ಕೆ ಹೋಬಳಿಯ ಸಿಬ್ಬಂದಿ ಏನೂ ಮಾಡಲಾರರು. ಉಳಿದ ಮೂರಕ್ಕೆ ಔಷಧಿ ಜಿಲ್ಲೆಯೊಳಗೇ ಇದೆ. ಯಾವ ಕಚೇರಿಯ ಬ್ಯಾಟರಿ ಯಾವ ವರ್ಷ ಬದಲಾಯಿತು ಎಂಬ ಪಟ್ಟಿ ಎಲ್ಲರ ಕಣ್ಣಿಗೂ ಬೀಳುವಂತಿದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತ ಹೆಣ್ಣುಮಗಳೊಬ್ಬಳು "ಸರ್ವರ್ ಯಾಕಿಲ್ಲ" ಎಂದು ಕೇಳುವ ಬದಲು "ಬ್ಯಾಟರಿ ಯಾಕೆ ಹಾಕಿಸಿಲ್ಲ" ಎಂದು ಕೇಳಬಲ್ಲಳು. ಮೊದಲನೆಯ ಪ್ರಶ್ನೆಗೆ ಯಾರೂ ಹೊಣೆಗಾರರಲ್ಲ, ಎರಡನೆಯದಕ್ಕೆ ಹೊಣೆ ಹೊರಬೇಕಾದವರು ಅದೇ ಕಟ್ಟಡದಲ್ಲಿರುತ್ತಾರೆ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು, ಅಂದರೆ ಉಚಿತ ಭದ್ರತಾ ತಿದ್ದುಪಡಿಗಳನ್ನು, 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, ಕಂಪನಿಯ ಷರತ್ತಿನ ಪ್ರಕಾರ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಅಂದರೆ 2016ರಲ್ಲಿ ಕೊಂಡ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದ್ದರೂ ಅಧಿಕೃತವಾಗಿ ಮೇಲ್ದರ್ಜೆಗೇರಲಾರದು. ಭದ್ರತಾ ತಿದ್ದುಪಡಿಗಳನ್ನು ಕೆಲಕಾಲ ಹಣ ಕೊಟ್ಟು ಪಡೆಯುವ ತಾತ್ಕಾಲಿಕ ಏರ್ಪಾಡನ್ನು ಬಿಟ್ಟರೆ ಅದರ ಮುಂದಿರುವುದು ಮೂರೇ ದಾರಿ: ಹೊಸ ಯಂತ್ರ ಕೊಳ್ಳುವುದು, ಲಿನಕ್ಸ್ ಎಂಬ ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಇನ್ನಷ್ಟು ವರ್ಷ ಬಳಸುವುದು, ಇಲ್ಲವೇ ತೂತು ಬಿದ್ದ ಗೋಡೆಯೊಂದಿಗೆ ಹಾಗೆಯೇ ಮುಂದುವರಿಯುವುದು. ಒಂದು ಜಿಲ್ಲೆ ಈ ಮೂರರಲ್ಲಿ ಯಾವುದನ್ನು ಆರಿಸಬೇಕು, ಎಷ್ಟು ಹಣ ಬೇಕು ಎಂದು ತೀರ್ಮಾನಿಸಲು ಬೇಕಾದದ್ದು ಒಂದೇ ಒಂದು ಪಟ್ಟಿ: ಯಾವ ಕಚೇರಿಯಲ್ಲಿ, ಯಾವ ವರ್ಷ ಕೊಂಡ, ಯಾವ ಪ್ರೊಸೆಸರಿನ, ಎಷ್ಟು ಯಂತ್ರಗಳಿವೆ. "ಗಣಕಯಂತ್ರ 4" ಎಂಬ ಸಾಲು ಇದಕ್ಕೆ ಉತ್ತರ ಕೊಡಲಾರದು. ಪಟ್ಟಿ ಇಲ್ಲದಾಗ ಇಲಾಖೆಗಳು ಎಲ್ಲ ಯಂತ್ರಗಳನ್ನೂ ಬದಲಿಸಲು ಪ್ರಸ್ತಾವನೆ ಕಳಿಸುತ್ತವೆ, ಅಥವಾ ಏನನ್ನೂ ಕಳಿಸದೆ ಸುಮ್ಮನಾಗುತ್ತವೆ. ಎರಡರಲ್ಲೂ ನಷ್ಟ ನಮ್ಮದೇ.

ವಸ್ತುವಿನ ವಯಸ್ಸು ತಿಳಿಯದಿದ್ದರೆ ಏನಾಗುತ್ತದೆಂದು ನಮ್ಮ ಭಾಗದವರಿಗೆ ಬೇರೆ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಆ ಸರಪಳಿ ಎಷ್ಟು ಹಳೆಯದು, ಕೊನೆಯ ಬಾರಿ ಯಾರು ನೋಡಿದ್ದರು? ಕಚೇರಿಯ ಕಂಪ್ಯೂಟರ್ ಕೆಟ್ಟರೆ ನದಿ ಉಕ್ಕುವುದಿಲ್ಲ ನಿಜ. ಆದರೆ ಪಿಂಚಣಿ, ಪಡಿತರ, ಬೆಳೆ ವಿಮೆ ಎಲ್ಲವೂ ಈಗ ಆ ಯಂತ್ರದ ಮೂಲಕವೇ ಹರಿಯುವುದರಿಂದ, ಅದೇ ಪ್ರಶ್ನೆಯನ್ನು ಯಂತ್ರ ಕೆಡುವ ಮೊದಲೇ ಕೇಳುವ ಹಕ್ಕು ನಮಗಿದೆ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶದ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ಪ್ರತ್ಯೇಕ ಅನುದಾನ ಬರುವಾಗ, ಅದರಲ್ಲಿ ಕೊಂಡ ಕಂಪ್ಯೂಟರುಗಳು ಈಗ ಎಲ್ಲಿವೆ, ಓಡುತ್ತಿವೆಯೇ ಎಂಬ ಲೆಕ್ಕ ಇತರರಿಗಿಂತ ನಮಗೇ ಹೆಚ್ಚು ಬೇಕಾದದ್ದು.

ಬೆಲೆಯ ವಿಷಯಕ್ಕೆ ಬರೋಣ. ಒಂದೇ ಬಗೆಯ ಕಂಪ್ಯೂಟರಿಗೆ ಎರಡು ಕಚೇರಿಗಳು ಎರಡು ದರ ಕೊಟ್ಟಿದ್ದರೆ, ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟ ಕೂಡಲೇ ಅದು ಕಣ್ಣಿಗೆ ಹೊಡೆಯುತ್ತದೆ. ತಂತ್ರಾಂಶದ ಪರವಾನಗಿ ಇನ್ನೂ ಸೂಕ್ಷ್ಮ. ಯಂತ್ರದೊಂದಿಗೇ ಬರುವ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಯಂತ್ರ ಗುಜರಿಗೆ ಹೋದರೆ ಅದೂ ಹೋಯಿತು. ವರ್ಷದ ಚಂದಾ ಲೆಕ್ಕದಲ್ಲಿ ಕೊಂಡದ್ದು ಬಳಸಿದರೂ ಬಳಸದಿದ್ದರೂ ಹಣ ತಿನ್ನುತ್ತದೆ, ಐವತ್ತು ಜನರಿಗೆ ಕೊಂಡು ಮೂವತ್ತು ಜನ ಮಾತ್ರ ಬಳಸುತ್ತಿದ್ದರೆ ಅದು ಯಾವ ವಹಿಯಲ್ಲೂ ಕಾಣದ ಸೋರಿಕೆ. ಅಮೆರಿಕದ ಸಂಸತ್ತು 2016ರಲ್ಲಿ ಮೆಗಾಬೈಟ್ ಎಂಬ ಕಾಯ್ದೆಯನ್ನೇ ತಂದು, ಫೆಡರಲ್ ಸಂಸ್ಥೆಗಳು ಪರವಾನಗಿ ವೆಚ್ಚದ ಶೇ. 80ರಷ್ಟನ್ನಾದರೂ ಒಳಗೊಳ್ಳುವ ತಂತ್ರಾಂಶ ಪಟ್ಟಿಯನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿದ್ದು ಈ ಸೋರಿಕೆಯನ್ನು ತಡೆಯಲಿಕ್ಕೇ.

ನಮ್ಮಲ್ಲಿ ಇದಕ್ಕೆ ಕಾನೂನಿನ ಆಧಾರವಿಲ್ಲವೆಂದು ಯಾರೂ ಹೇಳುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಕಲಂ, ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಅದೇ ಕಲಂ, ಪ್ರಕಟಣೆ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದೂ ಹೇಳುತ್ತದೆ. 2ನೇ ಕಲಂ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಪಡೆಯುವ ಹಕ್ಕು ಕೊಡುತ್ತದೆ. ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತೆ ನೀತಿಯನ್ನು ಹೊರಡಿಸಿ, ಅದೇ ವರ್ಷ ತೆರೆದ ದತ್ತಾಂಶದ ಜಾಲತಾಣವನ್ನು ಆರಂಭಿಸಿತು. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಇದೆ. ಆದರೆ ಟೆಂಡರ್ ತೆರೆದ ದಿನದವರೆಗೆ ಕಾಣುವ ವಸ್ತು, ಕಚೇರಿಯ ಬಾಗಿಲು ದಾಟಿ ಒಳಹೋದ ಮೇಲೆ ಕಣ್ಮರೆಯಾಗುತ್ತದೆ. ಖರೀದಿಯ ಪಾರದರ್ಶಕತೆ ಇದೆ, ಬಳಕೆಯ ಪಾರದರ್ಶಕತೆ ಇಲ್ಲ.

ಈಗ ಅಡಚಣೆಗಳ ಮಾತು. ಮೊದಲನೆಯದು ರೂಪದ್ದು, ಇದನ್ನು ಹೆಚ್ಚಿನವರು ಹಗುರವಾಗಿ ಕಾಣುತ್ತಾರೆ. ವಹಿಯ ಪುಟವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಎಂದು ಏರಿಸಿದರೆ ಅದು ಪ್ರಕಟಣೆಯಾಯಿತು, ತೆರೆದ ಮಾಹಿತಿಯಾಗಲಿಲ್ಲ. ಕಂಪ್ಯೂಟರಿನ ಪಾಲಿಗೆ ಅದೊಂದು ಫೋಟೋ, ಅದರಿಂದ ಒಂದು ಅಂಕಿಯನ್ನೂ ಕೂಡಲಾಗದು. ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಕೋಷ್ಟಕ, ಅಂದರೆ ಸಿಎಸ್‌ವಿ ಕಡತ, ಸಾಕು. ಕನ್ನಡಕ್ಕಂತೂ ಇಲ್ಲೊಂದು ಹಳೆಯ ತೊಡಕಿದೆ. ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪಿಸಿದ ಕಡತಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕುಳಿತಿರುತ್ತವೆ. ಅದೇ ಫಾಂಟ್ ಇರುವ ಕಂಪ್ಯೂಟರಿನಲ್ಲಿ "ಗಂಗಾವತಿ" ಎಂದು ಕಾಣುವುದು ಬೇರೆಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಆ ರೂಪದಲ್ಲಿ ಬರೆದದ್ದು ಮಾತ್ರ ನಾಳೆಗೂ ಉಳಿಯುತ್ತದೆ.

ಹೆಸರುಗಳ ಗೊಂದಲವೂ ಸಣ್ಣದಲ್ಲ. ನಾನು ನೋಡಿದ ವಹಿಯೊಂದರಲ್ಲೇ ಅದೇ ವಸ್ತುವನ್ನು ಒಬ್ಬರು ಗಣಕಯಂತ್ರವೆಂದೂ, ಅವರ ನಂತರ ಬಂದವರು ಕಂಪ್ಯೂಟರ್ ಎಂದೂ, ಇನ್ನೊಬ್ಬರು ಸಿಸ್ಟಮ್ ಎಂದೂ, ಮತ್ತೊಬ್ಬರು "ಟಿಎಫ್‌ಟಿ ಸಹಿತ ಸಿಪಿಯು" ಎಂದೂ ಬರೆದಿದ್ದರು. ಮನುಷ್ಯ ಓದಿದರೆ ನಾಲ್ಕೂ ಒಂದೇ ಎಂದು ತಿಳಿಯುತ್ತದೆ, ಎಣಿಸುವ ಯಂತ್ರಕ್ಕೆ ತಿಳಿಯದು. ಹಾಗಾಗಿ ಪ್ರತಿ ವಸ್ತುವಿಗೂ ಒಂದು ಸ್ವತ್ತಿನ ಸಂಖ್ಯೆ, ಪ್ರತಿ ಬಗೆಗೂ ನಿಶ್ಚಿತವಾದ ಒಂದೇ ಹೆಸರು, ಪ್ರತಿ ಕಚೇರಿಗೂ ಒಂದು ಸಂಕೇತ ಬೇಕು. ಕಚೇರಿಯ ಸಂಕೇತವನ್ನು ಹೊಸದಾಗಿ ಹುಟ್ಟಿಸುವ ಅಗತ್ಯವೂ ಇಲ್ಲ: ಗ್ರಾಮ ಪಂಚಾಯಿತಿಗಳಿಗೆ ಕೇಂದ್ರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯ ಸಂಖ್ಯೆ ಇದೆ, ಶಾಲೆಗಳಿಗೆ ಹನ್ನೊಂದು ಅಂಕಿಗಳ ಯುಡೈಸ್ ಸಂಖ್ಯೆ ಇದೆ. ಅದನ್ನು ಪಟ್ಟಿಯಲ್ಲಿ ಸೇರಿಸಿದರೆ, ಕಂಪ್ಯೂಟರುಗಳ ಪಟ್ಟಿಯನ್ನು ಶಾಲೆಯ ಮಕ್ಕಳ ಸಂಖ್ಯೆಯೊಂದಿಗೆ ಜೋಡಿಸಿ, ಎಷ್ಟು ಮಕ್ಕಳಿಗೆ ಒಂದು ಓಡುವ ಯಂತ್ರವಿದೆ ಎಂದು ನಿಮಿಷಗಳಲ್ಲಿ ಲೆಕ್ಕ ಹಾಕಬಹುದು.

ಎರಡನೆಯ ಅಡಚಣೆ ಭದ್ರತೆಯದು, ಇದು ನಿಜವಾದ ಆಕ್ಷೇಪ. ಯಾವ ಕಚೇರಿಯಲ್ಲಿ ಯಾವ ಹಳೆಯ ತಂತ್ರಾಂಶವಿದೆಯೆಂದು ಜಗತ್ತಿಗೆಲ್ಲ ಸಾರಿದರೆ ಕನ್ನ ಹಾಕುವವರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ? ಆಗುತ್ತದೆ, ಎಲ್ಲವನ್ನೂ ಬಿಚ್ಚಿಟ್ಟರೆ. ಆದರೆ ಈ ಆಕ್ಷೇಪಕ್ಕೆ ಉತ್ತರ ಪಟ್ಟಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುವುದಲ್ಲ, ಕಲಂಗಳನ್ನು ಒಂದೊಂದಾಗಿ ವಿಂಗಡಿಸುವುದು. ಯಂತ್ರದ ಬಗೆ, ಕೊಂಡ ವರ್ಷ, ಕೊಟ್ಟ ಬೆಲೆ, ಪೂರೈಕೆದಾರ, ವಾರಂಟಿ ಮತ್ತು ನಿರ್ವಹಣಾ ಒಪ್ಪಂದದ ಅವಧಿ, ಸದ್ಯ ಓಡುತ್ತಿದೆಯೋ ಇಲ್ಲವೋ ಎಂಬುದು: ಇವುಗಳಿಂದ ಯಾವ ಕನ್ನಗಾರನಿಗೂ ಬೀಗದ ಕೈ ಸಿಗುವುದಿಲ್ಲ, ಇವು ತೆರೆದಿರಲಿ. ಜಾಲದೊಳಗಿನ ವಿಳಾಸ, ಪಾಸ್‌ವರ್ಡ್, ಪರವಾನಗಿಯ ಕೀಲಿ, ಯಂತ್ರದ ಸೀರಿಯಲ್ ನಂಬರು, ಬಳಸುವ ನೌಕರನ ಹೆಸರು: ಇವು ಎಂದಿಗೂ ಹೊರಬೀಳಬಾರದು, ನೌಕರನ ಹುದ್ದೆಯನ್ನಷ್ಟೇ ಬರೆದರೆ ಸಾಕು. ನಡುವೆ ಉಳಿಯುವುದು ತಂತ್ರಾಂಶದ ಆವೃತ್ತಿ. ಅದನ್ನು ಕಚೇರಿವಾರು ಹೇಳದೆ, "ಜಿಲ್ಲೆಯಲ್ಲಿ ಬೆಂಬಲ ಮುಗಿದ ಯಂತ್ರಗಳು ಇಷ್ಟು" ಎಂದು ಒಟ್ಟಾರೆ ಹೇಳಬಹುದು. ಕೆಲವು ಕಲಂಗಳು ಗುಟ್ಟಾದ ಮಾತ್ರಕ್ಕೆ ಇಡೀ ದಾಖಲೆಯನ್ನು ನಿರಾಕರಿಸುವಂತಿಲ್ಲ. ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಹೇಳುತ್ತದೆ.

ಗುಟ್ಟಾಗಿಟ್ಟರೆ ಸುರಕ್ಷಿತ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಕಂಪ್ಯೂಟರಿನ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ, 2017ರ ಮೇ ತಿಂಗಳ ವನ್ನಾಕ್ರೈ ಸೈಬರ್ ದಾಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದು ಬಳಸಿಕೊಂಡ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ತೇಪೆ (ಪ್ಯಾಚ್) ಕೊಟ್ಟಿತ್ತು. ಆದರೂ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಆಸ್ಪತ್ರೆ ಮುಂತಾದವನ್ನು ನಡೆಸುವ 236 ಟ್ರಸ್ಟ್‌ಗಳಲ್ಲಿ ಮೂರನೇ ಒಂದು ಭಾಗದಷ್ಟು ತೊಂದರೆಗೆ ಸಿಕ್ಕವು, ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಅಲ್ಲಿನ ಲೆಕ್ಕಪರಿಶೋಧಕರು ಆಮೇಲೆ ಎತ್ತಿ ತೋರಿಸಿದ ಕೊರತೆಗಳಲ್ಲೊಂದು, ಎಚ್ಚರಿಕೆ ಕೊಟ್ಟ ಮೇಲೆ ಯಾವ ಆಸ್ಪತ್ರೆ ತೇಪೆ ಹಾಕಿದೆ, ಯಾವುದು ಹಾಕಿಲ್ಲ ಎಂದು ತಿಳಿಯುವ ವ್ಯವಸ್ಥೆಯೇ ಮೇಲಿನವರ ಬಳಿ ಇರಲಿಲ್ಲ ಎಂಬುದು. ದಾಳಿ ಮಾಡುವವರು ನಮ್ಮ ವಹಿಯನ್ನು ಓದಿ ಬರುವುದಿಲ್ಲ, ಜಾಲದಲ್ಲಿ ಬಾಗಿಲು ಬಾಗಿಲು ತಟ್ಟುತ್ತ ಬರುತ್ತಾರೆ. ಪಟ್ಟಿ ಇಲ್ಲದೆ ಕತ್ತಲಲ್ಲಿ ಉಳಿಯುವುದು ಮನೆಯವರೇ.

ಸರ್ಕಾರ ತಾನೇ ಬರೆಸಿದ ತಂತ್ರಾಂಶಗಳ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಒಂದು ತಂತ್ರಾಂಶವೆಂದರೆ ಒಂದೇ ಕೈಯ ಬರವಣಿಗೆಯಲ್ಲ, ಬೇರೆ ಬೇರೆಯವರು ಬರೆದ ನೂರಾರು ಸಣ್ಣ ಭಾಗಗಳ ಜೋಡಣೆ. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ಅಂಥದೊಂದು ಭಾಗದಲ್ಲಿ ದೊಡ್ಡ ತೂತು ಪತ್ತೆಯಾದಾಗ, ಅದು ತಮ್ಮ ಯಾವ ತಂತ್ರಾಂಶದೊಳಗೆ ಅಡಗಿದೆಯೆಂದು ಹುಡುಕುವುದರಲ್ಲೇ ಜಗತ್ತಿನ ಸಂಸ್ಥೆಗಳು ದಿನಗಟ್ಟಲೆ ಕಳೆದವು. ರಾಯಚೂರಿನ ಹತ್ತಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ: ಬೀಜದ ಪೊಟ್ಟಣದ ಮೇಲೆ ಲಾಟ್ ನಂಬರು ಇರುವುದರಿಂದಲೇ, ಒಂದು ಲಾಟಿನ ಬೀಜ ಮೊಳೆಯದಿದ್ದರೆ ಅದು ಯಾವ ಅಂಗಡಿಗಳಿಗೆ, ಯಾರ ಹೊಲಗಳಿಗೆ ಹೋಯಿತೆಂದು ಹಿಡಿಯಬಹುದು. ತಂತ್ರಾಂಶದ ಇಂಥ ಘಟಕಪಟ್ಟಿಗೆ ಎಸ್‌ಬಿಒಎಂ ಎನ್ನುತ್ತಾರೆ. ಇದರ ಬಗ್ಗೆ ಸೈಬರ್ ಭದ್ರತೆ ನೋಡಿಕೊಳ್ಳುವ ಭಾರತದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇನ್ನು ಮೂಲಸಂಕೇತವನ್ನೇ (ಸೋರ್ಸ್ ಕೋಡ್) ತೆರೆಯುವ ಮಾತು: ತೆರಿಗೆ ಹಣದಲ್ಲಿ ಬರೆಸಿದ ತಂತ್ರಾಂಶವನ್ನು ಇತರ ಸರ್ಕಾರಿ ಸಂಸ್ಥೆಗಳ ಮರುಬಳಕೆಗೆ ತೆರೆದ ಪರವಾನಗಿಯಲ್ಲಿ ಕೊಡಬೇಕೆಂದು ಇಟಲಿಯ ಕಾನೂನು ಹೇಳುತ್ತದೆ. ಭಾರತವೂ 2015ರಲ್ಲಿ ತೆರೆದ ಮೂಲದ ತಂತ್ರಾಂಶಗಳ ಬಳಕೆಗೂ, ಸರ್ಕಾರಿ ತಂತ್ರಾಂಶಗಳ ಮೂಲಸಂಕೇತವನ್ನು ತೆರೆಯುವುದಕ್ಕೂ ನೀತಿಗಳನ್ನು ಪ್ರಕಟಿಸಿತು. ನೀತಿ ಹಳೆಯದಾಗುವ ಮೊದಲು ಅದು ಜಿಲ್ಲೆಗಳಿಗೆ ಇಳಿಯಬೇಕಿತ್ತು.

ಇದೆಲ್ಲ ಯಾರ ಕೆಲಸ? ಹೋಬಳಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರೊಬ್ಬರೇ ನಾಲ್ಕು ಶಾಖೆಗಳ ಹೊರೆ ಹೊತ್ತಿರುವುದನ್ನು ಕಂಡವನಾಗಿ, ಅವರ ತಲೆಯ ಮೇಲೆ ಇನ್ನೊಂದು ನಮೂನೆ ಹೇರಬೇಕೆಂದು ನಾನು ಹೇಳಲಾರೆ. ದಾಸ್ತಾನು ವಹಿಯನ್ನು ಅವರು ಹೇಗೂ ಬರೆಯುತ್ತಾರೆ, ವರ್ಷಕ್ಕೊಮ್ಮೆ ಭೌತಿಕ ಪರಿಶೀಲನೆಯೂ ಆಗಬೇಕು. ಅದೇ ದಿನ ಅದೇ ಸಾಲುಗಳನ್ನು ಕೋಷ್ಟಕದಲ್ಲಿ ತುಂಬಿ, ವಾರಂಟಿ, ಸ್ಥಿತಿ ಮತ್ತು ವಿಲೇವಾರಿ ಎಂಬ ಮೂರು ಕಲಂಗಳನ್ನು ಸೇರಿಸಿದರೆ ಸಾಕು. ವಿಲೇವಾರಿಯ ಕಲಂ ಅಗತ್ಯವಾಗಿ ಇರಲಿ. ಎಷ್ಟೋ ಕಚೇರಿಗಳ ಹಿಂದಿನ ಕೋಣೆಯಲ್ಲಿ ಹಳೆಯ ಮಾನಿಟರುಗಳು ಕಡತದ ಗಂಟುಗಳ ಕೆಳಗೆ ಧೂಳು ತಿನ್ನುತ್ತ ಬಿದ್ದಿವೆ. ಅವುಗಳನ್ನು ಸಿಕ್ಕಸಿಕ್ಕ ಗುಜರಿಯವರಿಗೆ ಮಾರುವಂತಿಲ್ಲ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಥೆಗಳಿಗೇ ಕೊಡಬೇಕು. ಕೊಡುವ ಮೊದಲು ಹಾರ್ಡ್ ಡಿಸ್ಕಿನಲ್ಲಿರುವ ಜನರ ದಾಖಲೆಗಳನ್ನು ಮತ್ತೆ ತೆಗೆಯಲಾಗದಂತೆ ಅಳಿಸಬೇಕು. ಅಳಿಸಿದ ದಿನಾಂಕವೂ ಪಟ್ಟಿಯಲ್ಲಿ ಬರಲಿ.

ಇಲಾಖೆಗಳು ತಾವಾಗಿ ಪ್ರಕಟಿಸುವವರೆಗೆ ಕಾಯಬೇಕಿಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಶುಲ್ಕ ಹತ್ತು ರೂಪಾಯಿ. ಹಾಗಾಗಿ ಹೀಗೆ ಬರೆದರೆ ಸಾಕಾಗುತ್ತದೆ: "ತಮ್ಮ ಕಚೇರಿಯ ಜಡವಸ್ತು ದಾಸ್ತಾನು ವಹಿಯಲ್ಲಿ ನಮೂದಾಗಿರುವ ಎಲ್ಲ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್‌ಗಳ ಬಗೆ, ಖರೀದಿಸಿದ ಅಥವಾ ಸ್ವೀಕರಿಸಿದ ದಿನಾಂಕ, ಬೆಲೆ, ವಾರಂಟಿ ಮುಗಿಯುವ ದಿನಾಂಕ, ವಾರ್ಷಿಕ ನಿರ್ವಹಣಾ ಒಪ್ಪಂದದ ಅವಧಿ ಮತ್ತು ಮೊತ್ತ, ಸದ್ಯದ ಸ್ಥಿತಿ, ವಿಲೇವಾರಿಯಾಗಿದ್ದರೆ ಅದರ ಆದೇಶದ ಪ್ರತಿ, ಇವುಗಳನ್ನು ಲಭ್ಯವಿದ್ದಲ್ಲಿ ವಿದ್ಯುನ್ಮಾನ ಕೋಷ್ಟಕ ರೂಪದಲ್ಲಿ ಒದಗಿಸಬೇಕಾಗಿ ಕೋರುತ್ತೇನೆ." ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಕಾಗದದ ಪ್ರತಿಯೇ ಬಂದರೆ, ಊರಿನ ಇಬ್ಬರು ಕಾಲೇಜು ಮಕ್ಕಳು ಒಂದು ಭಾನುವಾರ ಕುಳಿತು ಅದನ್ನು ಯೂನಿಕೋಡ್ ಕನ್ನಡದಲ್ಲಿ ಟೈಪಿಸಿ, ಪಂಚಾಯಿತಿಯ ಡೈರೆಕ್ಟರಿ ಸಂಖ್ಯೆಯನ್ನು ಮೊದಲ ಕಲಂನಲ್ಲಿ ಸೇರಿಸಿ ಇಟ್ಟುಕೊಳ್ಳಲಿ. ಪಕ್ಕದ ಪಂಚಾಯಿತಿಯವರೂ ಅದೇ ಕಲಂಗಳಲ್ಲಿ ತುಂಬಿದ ದಿನ ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಲು ಬರುತ್ತದೆ.